ಬುದ್ಧಿಯ ಕೊಳಗ

ನಮ್ಮ ಸೀಮೆಯಲ್ಲಿ ‘ಬುದ್ಧಿ’ ಎನ್ನುವುದು ಒಂದು ಗುಣದ ಹೆಸರು ಮಾತ್ರವಾಗಿರಲಿಲ್ಲ. ಅದು ಮನುಷ್ಯರನ್ನು ಕರೆಯುವ ಮಾತೂ ಆಗಿತ್ತು. ನಾನು ಹುಡುಗನಾಗಿದ್ದಾಗ ಉಮ್ಮತ್ತೂರಿನಲ್ಲಿ ಕೂಲಿಗೆ ಬಂದವರು ಒಡೆಯರ ಜಗಲಿಯ ಕೆಳಗೆ ನಿಂತು ‘ಬುದ್ಧೀ’ ಎಂದು ಕೂಗುತ್ತಿದ್ದರು. ಮಠದ ಸ್ವಾಮಿಗಳು ಊರಿಗೆ ದಯಮಾಡಿಸಿದರೆ ‘ಬುದ್ಧಿಯವರು ಬಂದರು’ ಎಂದು ಬೀದಿಗೆಲ್ಲ ಸುದ್ದಿಯಾಗುತ್ತಿತ್ತು. ಕಂದಾಯದ ಅಧಿಕಾರಿ ಬಂದರೆ ಅವರೂ ಬುದ್ಧಿಯೇ. ನಮ್ಮ ಮನೆಯವರು ಹಾಗೆ ಕರೆಸಿಕೊಂಡವರಲ್ಲ, ಕರೆದವರು. ಆದುದರಿಂದ ಬುದ್ಧಿ ಎಂಬುದು ಎತ್ತರದ ಜಗಲಿಯ ಮೇಲೆ ಕುಳಿತಿರುತ್ತದೆ, ಉಳಿದವರು ಅದಕ್ಕೆ ಕೈಮುಗಿಯಬೇಕು ಎಂಬ ಭಾವನೆ ನನಗೆ ಅಕ್ಷರ ಬರುವುದಕ್ಕೆ ಮೊದಲೇ ಬಂದಿತ್ತು.

ಅದೇ ಜನರ ಬಾಯಲ್ಲಿ ಈ ಮಾತಿಗೆ ಇನ್ನೊಂದು ಬಾಳುವೆಯೂ ಇತ್ತು. ಹಿರಿಯರು ಕಿರಿಯರಿಗೆ ಬುದ್ಧಿ ಹೇಳುತ್ತಿದ್ದರು. ಪೆಟ್ಟು ತಿಂದವನು ಬುದ್ಧಿ ಕಲಿಯುತ್ತಿದ್ದ. ಮಗುವಿಗೆ ದಿನಕಳೆದಂತೆ ಬುದ್ಧಿ ಬರುತ್ತಿತ್ತು. ಕುಡಿತಕ್ಕೆ ಬಿದ್ದವನ ಬುದ್ಧಿ ಕೆಡುತ್ತಿತ್ತು. ಮೈಮರೆತವನ ಬುದ್ಧಿ ಎಲ್ಲೋ ಮೇಯಲು ಹೋಗಿರುತ್ತಿತ್ತು. ಈ ಬಳಕೆಯಲ್ಲಿ ಬುದ್ಧಿಯೆಂದರೆ ಬರುವಂಥದು, ಹೋಗುವಂಥದು, ಒಬ್ಬರಿಂದ ಒಬ್ಬರು ಪಡೆಯುವಂಥದು.

ಮನಶ್ಶಾಸ್ತ್ರದ ಮೊದಲ ಪಾಠಗಳನ್ನು ಓದುವವರು ಅದರ ಪರಿಕಲ್ಪನೆಗಳನ್ನೂ ಚಿಂತಕರನ್ನೂ ಹೇಗೆ ಅರಿಯಬೇಕು ಎಂಬ ಬಗ್ಗೆ ಮಾತನಾಡುವಂತೆ ನನ್ನನ್ನು ಕೇಳಿದ್ದಾರೆ. ನಾನು ಆ ಪಾಠಗಳನ್ನು ಮೊದಲು ಕಲಿತದ್ದು ತಪ್ಪಾಗಿ. ಆ ತಪ್ಪಿನ ಬೆಲೆಯನ್ನು ತೆತ್ತವನು ಬೇರೊಬ್ಬ. ಬುದ್ಧಿ ಎಂಬ ಒಂದೇ ಮಾತಿನ ಚರಿತ್ರೆಯನ್ನು ಹಿಡಿದು ಆ ಸಂಗತಿಯನ್ನು ಹೇಳುತ್ತೇನೆ.

ಉಮ್ಮತ್ತೂರು ಚಾಮರಾಜನಗರದ ಸೀಮೆಯ ಊರು. ಒಂದು ಕಾಲಕ್ಕೆ ಅದು ಪಾಳೆಯಗಾರರ ನೆಲೆಯಾಗಿತ್ತು. ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸದರಲ್ಲಿಯೇ ಇಲ್ಲಿಯ ಗಂಗರಾಜನ ಮೇಲೆ ದಂಡೆತ್ತಿ ಬಂದು, ಶಿವನಸಮುದ್ರದ ಕೋಟೆಯನ್ನು ಹಿಡಿದನೆಂಬುದು ಶಾಲೆಯ ಚರಿತ್ರೆಯ ಪುಸ್ತಕದಲ್ಲಿತ್ತು. ನಾನು ಓದಿದ ಪುಸ್ತಕಗಳಲ್ಲಿ ನಮ್ಮ ಊರಿನ ಹೆಸರು ಬಂದದ್ದು ಅದೊಂದೇ ಕಡೆ. ಅದೂ ಸೋತವರ ಸಾಲಿನಲ್ಲಿ. ನಾನು ಕಂಡ ಉಮ್ಮತ್ತೂರು ಮಳೆಯನ್ನು ನಂಬಿದ ಹೊಲಗಳ ಊರು. ಬೆಟ್ಟದ ಕಡೆಯ ಬಯಲಿನಲ್ಲಿ ಕೃಷ್ಣಮೃಗಗಳು ಮೇಯುತ್ತಿದ್ದವು. ನಮ್ಮ ಕುರಿಗಳೂ ಅಲ್ಲಿಯೇ ಮೇಯುತ್ತಿದ್ದವು. ಅಲ್ಲಿಂದ ನಾನು ಓದಲು ಮೈಸೂರಿಗೆ ಹೋಗಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಒಂದು ವಿಷಯವಾಗಿ ಆರಿಸಿಕೊಂಡೆ. ಮನಸ್ಸಿಗೂ ಒಂದು ಶಾಸ್ತ್ರವಿದೆಯೆಂಬುದೇ ನನಗೆ ಸೋಜಿಗವಾಗಿ ತೋರಿತ್ತು. ಆರಿಸಿಕೊಂಡದ್ದಕ್ಕೆ ಬೇರೆ ಕಾರಣವಿರಲಿಲ್ಲ.

ಆ ವಿಷಯವನ್ನು ಓದಲು ಮೈಸೂರು ತಕ್ಕ ಸ್ಥಳವಾಗಿತ್ತು. ಭಾರತದಲ್ಲಿ ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ಮೊದಲು ಎಡೆಯಾದದ್ದು ಕಲ್ಕತ್ತೆಯಲ್ಲಿ, 1916ರ ಸುಮಾರಿಗೆ. ಅದೇ ವರ್ಷ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1921ರಲ್ಲಿ ಕುಲಪತಿಗಳಾಗಿ ಬಂದವರು ಬ್ರಜೇಂದ್ರನಾಥ ಸೀಲರು. ತತ್ತ್ವಶಾಸ್ತ್ರದ ಆ ಮಹಾಪಂಡಿತರಿಗೆ ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಭ್ಯಸಿಸುವ ಹೊಸ ಮಾರ್ಗದಲ್ಲಿ ಆಸ್ಥೆಯಿತ್ತು. ಅವರ ಕಾಲದಲ್ಲಿ, 1924ರಲ್ಲಿ, ಇಲ್ಲಿ ಮನಶ್ಶಾಸ್ತ್ರದ ವಿಭಾಗವೂ ಪ್ರಯೋಗಶಾಲೆಯೂ ಆರಂಭವಾದವು. ಅವನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿ.

ಈ ಹೆಸರನ್ನು ರೇಡಿಯೋ ಕೇಳುವವರು ಇನ್ನೊಂದು ಕಾರಣಕ್ಕೆ ನೆನೆಯಬೇಕು. 1935ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ, 30 ವ್ಯಾಟಿನ ಚಿಕ್ಕ ಯಂತ್ರವೊಂದನ್ನು ಇಟ್ಟುಕೊಂಡು ಬಾನುಲಿ ಪ್ರಸಾರವನ್ನು ತೊಡಗಿದವರು ಇದೇ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ತಳೆಯಿತು. ನಾನು ಕಾಲೇಜಿಗೆ ಬರುವ ಹೊತ್ತಿಗೆ ಅವರ ಕಾಲ ಮುಗಿದಿತ್ತು. ಅವರು ತಂದ ವಿದ್ಯೆಯ ವಾಸನೆ ಮಾತ್ರ ಪಾಠಗಳಲ್ಲಿ ಉಳಿದಿತ್ತು.

ಆ ಪಾಠಗಳನ್ನು ನಾವು ಕಲಿತ ಬಗೆಯನ್ನು ಹೇಳಬೇಕು. ಪಠ್ಯಪುಸ್ತಕ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಒಬ್ಬೊಬ್ಬ ಚಿಂತಕನಿಗೆ ಒಂದೊಂದು ಊರು, ಒಂದೊಂದು ಇಸವಿ, ಒಂದೊಂದು ಪರಿಕಲ್ಪನೆ. 1879, ಲೈಪ್ಸಿಗ್, ವುಂಟ್: ಪ್ರಯೋಗಶಾಲೆ. 1885, ಎಬ್ಬಿಂಗ್‌ಹೌಸ್: ನೆನಪು ಮತ್ತು ಮರೆವು. 1890, ವಿಲಿಯಂ ಜೇಮ್ಸ್: ಹೊಳೆಯಂತೆ ಹರಿಯುವ ಪ್ರಜ್ಞೆ. 1900, ಫ್ರಾಯ್ಡ್: ಕನಸು ಮತ್ತು ಸುಪ್ತ ಮನಸ್ಸು. ಪಾವ್‌ಲೋವನಿಗೆ ಊಟದ ಸೂಚನೆಯ ಸದ್ದಿಗೇ ಜೊಲ್ಲು ಸುರಿಸುವ ನಾಯಿ. 1904, ಸ್ಪಿಯರ್‌ಮನ್: ಸಾಮಾನ್ಯ ಬುದ್ಧಿಶಕ್ತಿ. 1905, ಬಿನೆ: ಬುದ್ಧಿಯ ಮಾಪನ. ನಾವು ಅವನ್ನು ಅಷ್ಟೋತ್ತರದ ಹಾಗೆ ಬಾಯಿಪಾಠ ಮಾಡಿದೆವು. ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಿದ್ದರೆ ಪರೀಕ್ಷೆಯ ಭಯವಿರಲಿಲ್ಲ. ಏಕೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ನಾನಂತೂ ಕೇಳಿಕೊಳ್ಳಲಿಲ್ಲ. ಈ ಮನುಷ್ಯನಿಗೆ ಈ ಪರಿಕಲ್ಪನೆ ಏಕೆ ಬೇಕಾಯಿತು? ಯಾವ ತೊಡಕನ್ನು ಬಿಡಿಸಲು ಇದನ್ನು ಹಿಡಿದ? ಕೇಳಿಕೊಂಡಿದ್ದರೆ ಈ ಭಾಷಣಕ್ಕೆ ಅವಕಾಶವೇ ಇರುತ್ತಿರಲಿಲ್ಲ.

1966ರ ಬೇಸಗೆ ರಜೆಯಲ್ಲಿ ನಾನು ಊರಿಗೆ ಬಂದಾಗ ನನ್ನ ಕೈಚೀಲದಲ್ಲಿ ಬಿನೆಯ ಮಾದರಿಯ ಪ್ರಶ್ನೆಗಳನ್ನು ಬರೆದುಕೊಂಡ ಒಂದು ನೋಟುಪುಸ್ತಕವಿತ್ತು. ಯಾರೂ ನನಗೆ ಆ ಕೆಲಸವನ್ನು ವಹಿಸಿರಲಿಲ್ಲ. ಕಲಿತ ವಿದ್ಯೆಯನ್ನು ಊರಿನವರೆದುರು ಪ್ರದರ್ಶಿಸುವ ಚಪಲ, ಅಷ್ಟೆ. ನಮ್ಮ ಚಿಕ್ಕಪ್ಪನ ಮಗನಿಗೆ ಆಗ ಹತ್ತು ವರ್ಷ. ಶಾಲೆಯಲ್ಲಿ ಅವನ ಬಾಯಿ ಏಳುತ್ತಿರಲಿಲ್ಲ. ಮನೆಯಲ್ಲಿ ಅವನಿಗೆ ಕುರಿಗಳ ಮೇಲೆ ಹೆಚ್ಚು ಗಮನ. ಅವನನ್ನು ಜಗಲಿಯ ಮೇಲೆ ಕೂರಿಸಿ, ಎರವಲು ತಂದ ಕೈಗಡಿಯಾರವನ್ನು ಎದುರಿಗಿಟ್ಟು, ನಾನು ಪ್ರಶ್ನೆ ಕೇಳಲು ತೊಡಗಿದೆ. ಸುತ್ತ ನಾಲ್ಕಾರು ಜನ ನೋಡುತ್ತ ನಿಂತಿದ್ದರು. ಚಿಕ್ಕಪ್ಪ ಕಂಬಕ್ಕೆ ಒರಗಿದ್ದರು.

“ಹಸು, ಕುರಿ, ಮೇಕೆ, ಹುಲ್ಲು. ಇವುಗಳಲ್ಲಿ ಜೊತೆಗೆ ಸೇರದೆ ಇರುವುದು ಯಾವುದು?” ಎಂದೆ. ಹುಡುಗ ಬಹಳ ಹೊತ್ತು ಯೋಚಿಸಿ, “ಎಲ್ಲಾನೂ ಸೇರ್ತವೆ” ಎಂದ. ಒಂದನ್ನು ತೆಗೆಯಲೇಬೇಕು ಎಂದು ಒತ್ತಾಯಿಸಿದೆ. “ಹುಲ್ಲ ತೆಗುದ್ರೆ ಅವು ಯಾನ ತಿಂದವು ಅಣ್ಣಾ?” ಎಂದ. ಸೊನ್ನೆ ಹಾಕಿದೆ. “ನೀನು ಹೋಗಬೇಕಾದ ರೈಲು ತಪ್ಪಿಹೋದರೆ ಏನು ಮಾಡುತ್ತೀಯೆ?” “ನಡ್ಕಂಡು ಹೋಯ್ತೀನಿ.” ಮುಂದಿನ ರೈಲಿಗೆ ಕಾಯುತ್ತೇನೆ ಎಂಬುದು ಸರಿಯುತ್ತರ; ಮತ್ತೊಂದು ಸೊನ್ನೆ. ಆಮೇಲೆ ಅಂಕಿಗಳನ್ನು ಹೇಳಿ, ಅದೇ ಕ್ರಮದಲ್ಲಿ ತಿರುಗಿ ಹೇಳು ಎಂದೆ. ನಾಲ್ಕು ಅಂಕಿಗಳನ್ನು ಹೇಳಿದ; ಐದಕ್ಕೆ ತಡವರಿಸಿದ; ಆರಕ್ಕೆ ಗಡಿಯಾರವನ್ನೇ ನೋಡುತ್ತ ಕುಳಿತುಬಿಟ್ಟ.

ನಾನು ಲೆಕ್ಕ ಹಾಕಿದೆ. ಮಾನಸಿಕ ವಯಸ್ಸು 7. ಹುಟ್ಟಿದ ವಯಸ್ಸು 10. ಒಂದನ್ನು ಇನ್ನೊಂದರಿಂದ ಭಾಗಿಸಿ 100ರಿಂದ ಗುಣಿಸಿದರೆ ಬುದ್ಧಿಲಬ್ಧ 70. ಆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಚಿಕ್ಕಪ್ಪ “ಎಂಗದೆ ಮಗಾ?” ಎಂದು ಕೇಳಿದಾಗ, “ಓದಿನಲ್ಲಿ ಇವನು ಬಹಳ ಮುಂದಕ್ಕೆ ಹೋಗಲಾರ ಅಂತ ಕಾಣುತ್ತೆ ಚಿಕ್ಕಪ್ಪ” ಎಂದೆ. ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದ ಪುಸ್ತಕವನ್ನು ಮಡಿಚಿಟ್ಟುಕೊಂಡು ಹೇಳಿದ ಮಾತು ಅದು. ಅದಕ್ಕೆ ಎಷ್ಟು ತೂಕವಿದ್ದಿತೆಂಬುದು ಮಾರನೆಯ ವರ್ಷ ತಿಳಿಯಿತು. ನಾನು ಮತ್ತೆ ಬಂದಾಗ ಹುಡುಗ ಶಾಲೆ ಬಿಟ್ಟಿದ್ದ. “ಓದ್ದೋನು ನೀನೇ ಯೋಳ್ದ ಮ್ಯಾಲೆ ಇನ್ಯಾನ ಮಗಾ? ಕುರಿಯಾದ್ರೂ ಕಾಯ್ಲಿ” ಎಂದರು ಚಿಕ್ಕಪ್ಪ. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಜಗಲಿಯ ಮೇಲಿನ ಬುದ್ಧಿಗೆ ಕೈಮುಗಿದು ಬಂದವರು ಅವರು. ಈ ಸಲ ಜಗಲಿಯ ಮೇಲೆ ಕುಳಿತಿದ್ದವನು ಅವರ ಅಣ್ಣನ ಮಗನೇ ಆಗಿದ್ದ.

ನಾನು ಬಾಯಿಪಾಠ ಮಾಡಿದ್ದ ಆ ಹೆಸರುಗಳ ಹಿಂದಿನ ಕಥೆಯನ್ನು ಓದಲು ತೊಡಗಿದ್ದು ಇದಾದ ಬಹುಕಾಲದ ಮೇಲೆ, ನಾನೇ ಮೇಷ್ಟರಾದ ನಂತರ. ಮೊದಲಿಗೆ ಬಿನೆಯ ಕಥೆ. ಫ್ರಾನ್ಸಿನಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂಬ ಕಾನೂನು ಬಂದ ಮೇಲೆ, ಪಾಠ ಹತ್ತದ ಮಕ್ಕಳನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. 1904ರಲ್ಲಿ ಸರ್ಕಾರ ಅದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಆಲ್ಫ್ರೆಡ್ ಬಿನೆ ಅದರಲ್ಲಿದ್ದ. ಮೇಷ್ಟರ ಅಸಮಾಧಾನವೊಂದನ್ನೇ ನಂಬಿ ಮಗುವಿಗೆ ದಡ್ಡನೆಂಬ ಹಣೆಪಟ್ಟಿ ಕಟ್ಟಿ ಹೊರಹಾಕುವುದು ಅವನಿಗೆ ಸಮ್ಮತವಾಗಿರಲಿಲ್ಲ. ಸಿಮೋನನೊಡನೆ ಸೇರಿ ಅವನು 1905ರಲ್ಲಿ 30 ಚಿಕ್ಕ ಪರೀಕ್ಷೆಗಳನ್ನು ರಚಿಸಿದ್ದು ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಎಂಬುದನ್ನು ಅರಿಯುವುದಕ್ಕಾಗಿ. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದ ಮೊತ್ತ, ಅದನ್ನು ಹೆಚ್ಚಿಸಲಾಗದು ಎನ್ನುವವರ ನಿರಾಶಾವಾದವನ್ನು 1909ರ ಪುಸ್ತಕದಲ್ಲಿ ಅವನು ಕಟುವಾಗಿ ಖಂಡಿಸಿದ. ಕೈಕಾಲಿಗೆ ಕಸರತ್ತು ಇರುವಂತೆ ಗಮನಕ್ಕೆ, ನೆನಪಿಗೆ, ವಿವೇಚನೆಗೆ ಕಸರತ್ತು ಕೊಡಬಹುದೆಂದು ನಂಬಿ ಅಂಥ ಪಾಠಗಳನ್ನು ಯೋಜಿಸಿದ. ಬುದ್ಧಿ ‘ಬರುತ್ತದೆ’ ಎನ್ನುವ ನಮ್ಮ ಊರಿನ ಅಜ್ಜಿಯರ ಮಾತಿಗೆ ಅವನು ಒಪ್ಪುತ್ತಿದ್ದನೆಂದು ಕಾಣುತ್ತದೆ.

ಬಿನೆ 1911ರಲ್ಲಿ ತೀರಿಕೊಂಡ. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ಹುಟ್ಟಿದ ವಯಸ್ಸಿನಿಂದ ಭಾಗಿಸುವ ಉಪಾಯವನ್ನು ಸೂಚಿಸಿದ. 1916ರಲ್ಲಿ ಅಮೆರಿಕದ ಟರ್ಮನ್ ಆ ಭಾಗಲಬ್ಧವನ್ನು 100ರಿಂದ ಗುಣಿಸಿ, ದಶಾಂಶದ ಚುಕ್ಕೆಯನ್ನು ಕಿತ್ತುಹಾಕಿದ. ನಾನು ಜಗಲಿಯ ಮೇಲೆ ಹಾಕಿದ ಲೆಕ್ಕ ಅವನದು. ನೆರವು ಯಾರಿಗೆ ಬೇಕೆಂದು ಕೇಳುತ್ತಿದ್ದ ಸಾಧನ, ಮನುಷ್ಯನ ಬೆಲೆ ಎಷ್ಟೆಂದು ಹೇಳುವ ಸಂಖ್ಯೆಯಾಗಿ ಮಾರ್ಪಟ್ಟದ್ದು ಈ ಹನ್ನೊಂದು ವರ್ಷಗಳಲ್ಲಿ. ಒಂದನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸುಮಾರು 17 ಲಕ್ಷ ಜನರಿಗೆ ಬುದ್ಧಿಪರೀಕ್ಷೆ ಮಾಡಿತು. ಆ ಅಂಕಗಳನ್ನು ಆಧಾರವಾಗಿ ಹಿಡಿದು ಕಾರ್ಲ್ ಬ್ರಿಗಮ್ ಎಂಬ ಮನಶ್ಶಾಸ್ತ್ರಜ್ಞ 1923ರಲ್ಲಿ ಬರೆದ ಪುಸ್ತಕದಲ್ಲಿ, ಯೂರೋಪಿನ ದಕ್ಷಿಣ ಮತ್ತು ಪೂರ್ವ ಭಾಗಗಳಿಂದ ಬರುವ ವಲಸೆಗಾರರು ಬುದ್ಧಿಯಲ್ಲಿ ಕೀಳು ಎಂದು ಸಾರಿದ. ಆ ದೇಶಗಳಿಂದ ಬರುವವರನ್ನು ಬಿಗಿಯಾಗಿ ತಡೆಯುವ ಕಾನೂನು ಅಮೆರಿಕದಲ್ಲಿ 1924ರಲ್ಲಿ ಬಂದಿತು. ಆರು ವರ್ಷಗಳ ತರುವಾಯ, 1930ರಲ್ಲಿ, ಬ್ರಿಗಮ್ ತನ್ನ ತೀರ್ಮಾನಗಳಿಗೆ ಆಧಾರವಿಲ್ಲವೆಂದು ತಾನೇ ಬರೆದು ಒಪ್ಪಿಕೊಂಡ. ಬೇರೆ ಭಾಷೆಯ, ಬೇರೆ ಬಾಳಿನ ಜನರನ್ನು ಅಂಥ ಪರೀಕ್ಷೆಗಳಿಂದ ಹೋಲಿಸಲಾಗದೆಂಬುದು ಅವನಿಗೆ ಮನವರಿಕೆಯಾಗಿತ್ತು. ಅವನು ತಪ್ಪನ್ನು ಹಿಂತೆಗೆದುಕೊಂಡ. ಕಾನೂನು ಹಾಗೆಯೇ ಉಳಿಯಿತು. ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ.

ಸ್ಪಿಯರ್‌ಮನ್ನರ ಕಥೆ ಬೇರೆ ಬಗೆಯದು. ಅವರು ಮೊದಲು ಬ್ರಿಟಿಷ್ ಸೈನ್ಯದ ಅಧಿಕಾರಿ. ಅದನ್ನು ಬಿಟ್ಟು, ನಡುವಯಸ್ಸಿಗೆ ಸಮೀಪಿಸಿದ್ದಾಗ ಲೈಪ್ಸಿಗ್ಗಿಗೆ ಹೋಗಿ ವುಂಟನ ಬಳಿ ಶಿಷ್ಯವೃತ್ತಿ ಮಾಡಿದರು. ಅವರ 1904ರ ಪ್ರಸಿದ್ಧ ಪ್ರಬಂಧದ ಒಂದು ಆಧಾರ ಇಂಗ್ಲೆಂಡಿನ ಒಂದು ಹಳ್ಳಿ ಶಾಲೆಯ ಮಕ್ಕಳೆಂಬುದು ನನಗೆ ಬಹುಕಾಲ ಗೊತ್ತಿರಲಿಲ್ಲ. ಆ ಮಕ್ಕಳು ಸ್ವರ, ಬೆಳಕು, ತೂಕಗಳಲ್ಲಿಯ ಸೂಕ್ಷ್ಮ ವ್ಯತ್ಯಾಸವನ್ನು ಎಷ್ಟರಮಟ್ಟಿಗೆ ಗುರುತಿಸಬಲ್ಲರು ಎಂಬುದನ್ನು ಪರೀಕ್ಷಿಸಿ, ಅದನ್ನು ಮೇಷ್ಟರು ಕೊಟ್ಟ ಜಾಣತನದ ಕ್ರಮದೊಡನೆ ಅವರು ಹೋಲಿಸಿದರು. ಒಂದು ಪರೀಕ್ಷೆಯಲ್ಲಿ ಮುಂದಿರುವವರು ಇನ್ನೊಂದರಲ್ಲಿಯೂ ಸಾಮಾನ್ಯವಾಗಿ ಮುಂದಿರುತ್ತಾರೆ. ಆದುದರಿಂದ ಎಲ್ಲದರ ಹಿಂದೆ ಒಂದು ಸಾಮಾನ್ಯ ಶಕ್ತಿ ಇರಬೇಕು ಎಂಬುದು ಅವರ ಊಹೆ. ಪರೀಕ್ಷೆಗಳ ಅಂಕಗಳು ಹೀಗೆ ಒಂದಕ್ಕೊಂದು ಜೊತೆಗೂಡಿ ನಡೆಯುತ್ತವೆಂಬುದು ನೂರು ವರ್ಷಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಜೊತೆಗೂಡಿ ನಡೆಯುವುದರ ಕಾರಣವೇನು, ಆ ಶಕ್ತಿ ತಲೆಯೊಳಗಿನ ಒಂದು ವಸ್ತುವೋ, ಹಲವು ಕಾರಣಗಳು ಸೇರಿ ಮೂಡಿಸುವ ಲೆಕ್ಕದ ಫಲವೋ ಎಂಬ ವಿವಾದ ಇನ್ನೂ ಮುಗಿದಿಲ್ಲ. ನನ್ನ ಟಿಪ್ಪಣಿಯಲ್ಲಿ ವಿವಾದ ಇರಲಿಲ್ಲ. ಹೆಸರು, ಇಸವಿ ಮಾತ್ರ ಇದ್ದವು.

ಹಾಗೆಂದು ನಮ್ಮ ದೇಶದ ಮನಶ್ಶಾಸ್ತ್ರಜ್ಞರು ವಿದೇಶದ ಕೊಳಗವನ್ನು ಕಣ್ಣುಮುಚ್ಚಿ ತಂದು ಅಳೆದರೆಂದು ಹೇಳುವುದು ಅನ್ಯಾಯವಾಗುತ್ತದೆ. ರಾಗಿ ಅಳೆಯುವ ಕೊಳಗ ಊರಿಂದ ಊರಿಗೆ ಬೇರೆಯೆಂದು ನಮ್ಮ ವ್ಯಾಪಾರಿಗಳಿಗೆ ತಿಳಿದಿದ್ದಂತೆ ಅವರಿಗೂ ತಿಳಿದಿತ್ತು. ಧಾರವಾಡದಲ್ಲಿ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಿನ ಮಕ್ಕಳಿಗಾಗಿ ಬಿನೆಯ ಪರೀಕ್ಷೆಗಳನ್ನು ತಿದ್ದಿ ಹೊಂದಿಸಿ, 1940ರಲ್ಲಿ ಪುಸ್ತಕವಾಗಿ ಹೊರತಂದರು. ಬಿನೆಯ ಪ್ರಶ್ನೆಗಳು ಕನ್ನಡದ ಮಕ್ಕಳಿಗೆ ತಕ್ಕಂತೆ ಮರುಹುಟ್ಟು ಪಡೆದದ್ದು ಅಲ್ಲಿ. 1955ರಲ್ಲಿ ಸಿ. ಎಂ. ಭಾಟಿಯಾ ಅವರು ಪ್ರಕಟಿಸಿದ ಪರೀಕ್ಷೆಗಳು ಇನ್ನೂ ಮುಂದೆ ಹೋದವು. ಅವು ಹೆಚ್ಚಾಗಿ ಕೈಕೆಲಸದವು: ಬಣ್ಣದ ತುಂಡುಗಳನ್ನು ಜೋಡಿಸುವುದು, ಚಿತ್ರದ ಚೂರುಗಳನ್ನು ಕೂಡಿಸುವುದು. ಅಕ್ಷರ ಬಲ್ಲವರಿಗೂ ಬಾರದವರಿಗೂ ಬೇರೆ ಬೇರೆ ಅಳತೆಗಳು. ಓದು ಬಾರದವರ ನೆನಪನ್ನು ಪರೀಕ್ಷಿಸಲು ಅಂಕಿಗಳ ಬದಲು ಧ್ವನಿಗಳನ್ನು ಬಳಸಿದ್ದರು. ನಾನು ಚಿಕ್ಕಪ್ಪನ ಮಗನನ್ನು ಜಗಲಿಗೆ ಕರೆದಾಗ ಈ ಪುಸ್ತಕ ಬಂದು ಹನ್ನೊಂದು ವರ್ಷವಾಗಿತ್ತು. ಆದುದರಿಂದ ತಪ್ಪನ್ನು ಶಾಸ್ತ್ರದ ಮೇಲೆ ಹಾಕಿ ನಾನು ಪಾರಾಗುವಂತಿಲ್ಲ.

ನೆನಪಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಎಬ್ಬಿಂಗ್‌ಹೌಸ್ ಮರೆವಿನ ಗತಿಯನ್ನು ಅಳೆಯಲು ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಅರ್ಥವಿಲ್ಲದ ಅಕ್ಷರಗುಂಪುಗಳ ಸಾಲುಗಳನ್ನು ಉರುಹೊಡೆದ. ಅರ್ಥವಿದ್ದರೆ ನೆನಪು ಅದನ್ನು ಹಿಡಿದುಕೊಂಡು ಮೇಲೇರುತ್ತದೆ, ಶುದ್ಧ ನೆನಪಿನ ಅಳತೆ ಸಿಗದು ಎಂದು ಅವನು ಬಲ್ಲ. ಅರ್ಥವನ್ನು ಬೇಕೆಂದೇ ತೆಗೆದುಹಾಕಿದ ಪ್ರಯೋಗ ಅದು. ನಮ್ಮ ಹುಡುಗ ಆರು ಅಂಕಿಗಳಿಗೆ ಸೋತದ್ದು ನಿಜ. ಆದರೆ ಚಿಕ್ಕಲ್ಲೂರು ಜಾತ್ರೆಯ ಹೊತ್ತಿನಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ಹಾಡುವುದನ್ನು ರಾತ್ರಿಯೆಲ್ಲ ಕುಳಿತು ಕೇಳಿ, ವಾರಗಟ್ಟಲೆ ಕುರಿಗಳ ಹಿಂದೆ ಅದನ್ನೇ ಹಾಡಿಕೊಂಡು ತಿರುಗುತ್ತಿದ್ದವನೂ ಅವನೇ. ಅದು ನನಗೆ ಗೊತ್ತಿತ್ತು. ಜಗಲಿಯ ಮೇಲೆ ಕುಳಿತಾಗ ಅದು ನೆನಪು ಎಂಬ ಪರಿಕಲ್ಪನೆಗೆ ಸೇರಿದ ಸಂಗತಿಯೆಂದು ನನಗೆ ಹೊಳೆಯಲಿಲ್ಲ.

ರಷ್ಯದ ಅಲೆಕ್ಸಾಂಡರ್ ಲೂರಿಯಾ 1931 ಮತ್ತು 1932ರಲ್ಲಿ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿ, ಅಕ್ಷರ ಬಾರದ ರೈತರಿಗೆ ನನ್ನಂಥದೇ ಪ್ರಶ್ನೆಗಳನ್ನು ಕೇಳಿದ್ದ. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ: ಯಾವುದು ಸೇರದು? ಎಲ್ಲವೂ ಬೇಕು, ದಿಮ್ಮಿಯಿಲ್ಲದೆ ಗರಗಸಕ್ಕೆ ಏನು ಕೆಲಸ ಎಂಬ ಅರ್ಥದ ಉತ್ತರ ಬಂದಿತು. ಲೂರಿಯಾ ಅದನ್ನು ದಡ್ಡತನವೆಂದು ಬರೆಯಲಿಲ್ಲ. ವಸ್ತುಗಳನ್ನು ಜಾತಿಯಿಂದ ವಿಂಗಡಿಸುವುದು ಶಾಲೆ ಕಲಿಸುವ ಕ್ರಮ, ಕೆಲಸದಿಂದ ಕೂಡಿಸುವುದು ಬಾಳುವೆ ಕಲಿಸುವ ಕ್ರಮ. ಶಾಲೆಗೆ ಸ್ವಲ್ಪ ಕಾಲ ಹೋದವರು ಮೊದಲನೆಯ ಕ್ರಮಕ್ಕೆ ಬೇಗನೆ ಹೊರಳುತ್ತಾರೆ ಎಂಬುದನ್ನು ಅವನು ಕಂಡ. ಆ ಪುಸ್ತಕ ಹೊರಬಂದದ್ದು 1974ರಲ್ಲಿ. ಅದನ್ನು ಓದುವಾಗ, ಉಮ್ಮತ್ತೂರಿನ ಹುಡುಗನ ಹುಲ್ಲಿನ ಉತ್ತರ ನನ್ನ ಕಿವಿಯಲ್ಲಿ ಮೊಳಗಿತು. ಅವನಿಗೆ ಬೇಕಾಗಿದ್ದುದು ಇನ್ನಷ್ಟು ಶಾಲೆ. ನನ್ನ ಮಾತು ಇದ್ದ ಶಾಲೆಯನ್ನೂ ಕಿತ್ತುಕೊಂಡಿತ್ತು.

ಲೂರಿಯಾನ ಗೆಳೆಯ ವೈಗೋಟ್‌ಸ್ಕಿ ಇನ್ನೊಂದು ಮಾತನ್ನು ಹೇಳಿದ್ದ. ಮಗು ಒಂಟಿಯಾಗಿ ಏನು ಮಾಡಬಲ್ಲುದು ಎಂಬುದನ್ನು ಅಳೆದರೆ ನಿನ್ನೆಯ ಬೆಳೆ ಗೊತ್ತಾಗುತ್ತದೆ. ಬಲ್ಲವರು ಸ್ವಲ್ಪ ಕೈಹಿಡಿದರೆ ಅದು ಎಲ್ಲಿಯವರೆಗೆ ಬರಬಲ್ಲುದು ಎಂಬುದನ್ನು ನೋಡಿದರೆ ನಾಳಿನ ಬೆಳೆ ಕಾಣುತ್ತದೆ ಎಂಬುದು ಅದರ ತಾತ್ಪರ್ಯ. ಬುದ್ಧಿ ಹೇಳುವುದು, ಬುದ್ಧಿ ಕಲಿಯುವುದು ಎಂಬ ನಮ್ಮ ನುಡಿಗಟ್ಟುಗಳಲ್ಲಿ ಇಬ್ಬರು ಇರುತ್ತಾರೆ. ನನ್ನ ಪರೀಕ್ಷೆಯಲ್ಲಿ ಹುಡುಗ ಒಬ್ಬನೇ ಇದ್ದ.

ಬುದ್ಧಿಪರೀಕ್ಷೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಬೆಳವಣಿಗೆ ನಿಜವಾಗಿ ಕುಂಠಿತವಾದ ಮಗುವನ್ನು ಬೇಗ ಗುರುತಿಸಿ ನೆರವು ಕೊಡಲು, ಪೆಟ್ಟಾದ ಮಿದುಳಿನಲ್ಲಿ ಏನು ಉಳಿದಿದೆ, ಏನು ಹೋಗಿದೆ ಎಂದು ತಿಳಿಯಲು, ಪಳಗಿದ ಕೈಯಲ್ಲಿ ಅವು ಬಹಳ ಉಪಯುಕ್ತ. ಬಿನೆ ಬಯಸಿದ್ದೂ ಅದನ್ನೇ. ಶಾಲೆ, ಆಹಾರ, ಬಾಳಿನ ರೀತಿ ಬದಲಾದಂತೆ ಇಡೀ ದೇಶಗಳ ಅಂಕಗಳೇ ಮೇಲೇರಿದುದನ್ನು ಜೇಮ್ಸ್ ಫ್ಲಿನ್ 1984ರಲ್ಲಿಯೂ 1987ರಲ್ಲಿಯೂ ಲೆಕ್ಕಸಹಿತ ತೋರಿಸಿಕೊಟ್ಟ. ಬುದ್ಧಿ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನನ್ನ ತಮ್ಮ ಶಾಲೆ ಬಿಟ್ಟು ಕೆಟ್ಟುಹೋದನೆಂದು ಯಾರೂ ಭಾವಿಸಬಾರದು. ಕುರಿ ಕಾಯ್ದ, ಆಮೇಲೆ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕಿದ, ಮಕ್ಕಳನ್ನು ದಡ ಮುಟ್ಟಿಸಿದ. ಹಾಗೆಂದು ಅವನಿಗೆ ನಷ್ಟವೇ ಆಗಲಿಲ್ಲವೆಂದು ಸಮಾಧಾನ ಹೇಳಿಕೊಳ್ಳುವುದೂ ಸುಳ್ಳು. ಗೂಡು ಮಾರಿದ ಚೀಟಿಯನ್ನು ಓದಿಸಲು, ಬ್ಯಾಂಕಿನ ಕಾಗದವನ್ನು ತಿಳಿಯಲು ಅವನು ಇಡೀ ಬಾಳು ಇನ್ನೊಬ್ಬರ ಮುಖ ನೋಡಬೇಕಾಯಿತು. ಓದಿಕೊಟ್ಟವರನ್ನೆಲ್ಲ ಅವನು ಬುದ್ಧಿ ಎಂದೇ ಕರೆಯಬೇಕಾಯಿತು.

ಕೆಲವು ವರ್ಷಗಳ ಹಿಂದೆ ಊರಿಗೆ ಹೋಗಿದ್ದಾಗ ಅವನ ಮೊಮ್ಮಗಳು ಪುಸ್ತಕ ಹಿಡಿದು ನನ್ನ ಬಳಿಗೆ ಬಂದಳು. ಪಿ.ಯು.ಸಿ.ಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಿದ್ದಾಳೆ. “ತಾತಾ, ಬುದ್ಧಿಲಬ್ಧದ ಸೂತ್ರ ಹೇಳಿಕೊಡಿ, ಪರೀಕ್ಷೆಗೆ ಬರುತ್ತಂತೆ” ಎಂದಳು. ಪುಸ್ತಕದಲ್ಲಿ ಅದೇ ಪಟ್ಟಿ ಇತ್ತು: ಹೆಸರು, ಊರು, ಇಸವಿ. ಅವಳಿಗೆ ಸೂತ್ರವನ್ನು ಕೂಡಲೇ ಹೇಳಲಿಲ್ಲ. ಪ್ಯಾರಿಸಿನ ಶಾಲೆಗಳಲ್ಲಿ ಹಿಂದೆ ಬಿದ್ದ ಮಕ್ಕಳ ಕಥೆಯಿಂದ ತೊಡಗಿ, ಬಿನೆಗೆ ಏನು ಬೇಕಾಗಿತ್ತು, ಟರ್ಮನ್ ಏನು ಮಾಡಿದ, ಬ್ರಿಗಮ್ ಏಕೆ ಹಿಂದೆ ಸರಿದ ಎಂಬುದನ್ನೆಲ್ಲ ಹೇಳಿ, ಕೊನೆಗೆ ಸೂತ್ರವನ್ನು ಬರೆದುಕೊಟ್ಟೆ. ಒಂದು ಪರಿಕಲ್ಪನೆಯನ್ನು ಕಲಿಯಬೇಕಾದ ಕ್ರಮ ಇದೇ ಎಂದು ನನಗೆ ಈಗ ತೋರುತ್ತದೆ. ಅದು ಯಾರ ಯಾವ ತೊಡಕಿಗೆ ಉತ್ತರವಾಗಿ ಹುಟ್ಟಿತು, ಕೈಯಿಂದ ಕೈಗೆ ದಾಟುವಾಗ ಏನಾಯಿತು, ನನಗೆ ಗೊತ್ತಿರುವ ಒಬ್ಬ ಮನುಷ್ಯನಿಗೆ ಅದನ್ನು ಹಿಡಿದರೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ: ಇಷ್ಟನ್ನು ಕೇಳಿಕೊಂಡ ಮೇಲೆ ಇಸವಿ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ತಮ್ಮ ಅಲ್ಲಿಯೇ ಜಗಲಿಯ ಅಂಚಿನಲ್ಲಿ ಕುಳಿತು ಕೇಳುತ್ತಿದ್ದ. ಮೊಮ್ಮಗಳು ಒಳಗೆ ಹೋದ ಮೇಲೆ, “ಅವತ್ತು ನಂಗೆ ಎಷ್ಟು ಬಂದಿತ್ತಣ್ಣಾ?” ಎಂದ. ಅರ್ಧ ಶತಮಾನ ಆ ಪ್ರಶ್ನೆ ಅವನಲ್ಲಿ ಇತ್ತೆಂದು ನನಗೆ ತಿಳಿದಿರಲಿಲ್ಲ.

“ಲೆಕ್ಕ ತಪ್ಪಾಗಿತ್ತು ಕಣೋ. ಪ್ರಶ್ನೆಗಳೂ ತಪ್ಪಾಗಿದ್ದವು. ತಪ್ಪು ನನ್ನದು” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಕೋಪವಿಲ್ಲದೆ, “ಅಂಗಾದ್ರೆ ಅದ ಅಪ್ಪುನ್ಗೆ ಯೋಳ್ಬೇಕಿತ್ತು ಕನಣ್ಣ” ಎಂದ.

ಚಿಕ್ಕಪ್ಪ ತೀರಿಕೊಂಡು ಆಗಲೇ ಇಪ್ಪತ್ತು ವರ್ಷಗಳಾಗಿದ್ದವು.